ಸದ್ದು ಹೆಚ್ಚಿತು, ಮಾತು ಕೇಳಿಸಿತೇ?

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ ಹಂಗಳ ಸಿಗುತ್ತದೆ. ಇಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ನೇರ ಹೋದರೆ ಮೇಲುಕಾಮನಹಳ್ಳಿ, ಅದರಾಚೆ ಬಂಡೀಪುರದ ಕಾಡು. ಚೆಂಡು ಹೂವಿನ ಮೂಟೆ, ತರಕಾರಿ ಕ್ರೇಟು ಹೊತ್ತ ಪಿಕಪ್‌ಗಳು, ಗೂಡ್ಸ್ ಆಟೋಗಳು, ಅರಣ್ಯ ಇಲಾಖೆಯ ಜೀಪುಗಳು, ಪ್ರವಾಸಿಗರ ಕಾರುಗಳು ಎಲ್ಲವೂ ಇದೇ ರಸ್ತೆಯಲ್ಲಿ. ಕಾಡಿನೊಳಗೆ ಮೊಬೈಲ್ ಸಿಗ್ನಲ್ಲು ಕೈಕೊಡುತ್ತಲೇ ಇರುತ್ತದೆ. ಹಾಗಾಗಿ ಈ ದಾರಿಯಲ್ಲಿ ಓಡಾಡುವವರಿಗೆ ರೇಡಿಯೊ ಇನ್ನೂ ಹಳೆಯ ಕಾಲದ ವಸ್ತುವಾಗಿಲ್ಲ. ಟೇಪು ಕೆಟ್ಟುಹೋದ ಪಿಕಪ್ಪಿನ ಡ್ಯಾಶ್‌ಬೋರ್ಡ್ ಮೇಲೆ ಅಂಗೈ ಅಗಲದ ಎಫ್‌ಎಂ ರೇಡಿಯೊ ಇರುತ್ತದೆ. ಇಲಾಖೆಯ ಜೀಪಿನಲ್ಲಿ ವಾಕಿಟಾಕಿ, ಅಂದರೆ ‘ವಾಕಿ’ ಇರುತ್ತದೆ. ಅಪರೂಪಕ್ಕೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಪಡೆದವನೊಬ್ಬ ತನ್ನ ಕೈಸೆಟ್ಟು ಹಿಡಿದು ಬಂದಿರುತ್ತಾನೆ. ಮೂವರದೂ ದೂರು ಒಂದೇ: ‘ಸೌಂಡು ಸಾಲ್ದು ಕಣಣ್ಣ.’

ಈ ದೂರಿಗೆ ನಮ್ಮಲ್ಲಿ ಬೆಳೆದುಬಂದಿರುವ ಪರಿಹಾರಗಳೂ ಒಂದು ಪದ್ಧತಿಯೇ. ಅದರಲ್ಲಿ ಜಾಣ್ಮೆ ಇದೆ, ಅಗ್ಗದಲ್ಲಿ ಕೆಲಸ ಮುಗಿಸುವ ಕೌಶಲವಿದೆ. ಆದರೂ ಅದು ಬಹುಪಾಲು ತಪ್ಪು ಕಡೆಯಿಂದ ಶುರುವಾಗುತ್ತದೆ ಎಂದೇ ನಾನು ಹೇಳುತ್ತೇನೆ. ಬೇಕಿರುವುದು ಮಾತು ಸ್ಪಷ್ಟವಾಗಿ ಕೇಳಿಸುವುದು. ನಾವು ಬೆನ್ನು ಹತ್ತಿರುವುದು ಸದ್ದನ್ನು. ಕಾಡಿನ ಪಕ್ಕದ ರಸ್ತೆಯಲ್ಲಿ ಈ ವ್ಯತ್ಯಾಸಕ್ಕೆ ಬೇರೆಡೆಗಿಂತ ಹೆಚ್ಚು ಬೆಲೆಯಿದೆ.

ವಿಮರ್ಶೆಗೆ ಮುಂಚೆ ಕಾನೂನಿನ ಮಾತನ್ನು ಹೇಳಿಬಿಡಬೇಕು. ಆಕಾಶವಾಣಿ ಕೇಳುವ ರೇಡಿಯೊಗೆ ಒಂದು ಕಾಲದಲ್ಲಿ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. 1980ರ ದಶಕದಲ್ಲಿ ಅದು ಹೋಯಿತು. ಆದರೆ ಪೊಲೀಸರ, ಅರಣ್ಯ ಇಲಾಖೆಯ ವೈರ್‌ಲೆಸ್ ಮಾತುಗಳನ್ನು ಹುಡುಕಿ ಹಿಡಿಯುವ ಸ್ಕ್ಯಾನರಿನ ಕಥೆ ಬೇರೆ. ಅಮೆರಿಕದಲ್ಲಿ ಅದನ್ನು ಕಾರಿನಲ್ಲಿಟ್ಟುಕೊಂಡು ಕೇಳುವ ದೊಡ್ಡ ಹವ್ಯಾಸಿ ವರ್ಗವೇ ಇದೆ. ನಮ್ಮಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ಅಂಥ ಉಪಕರಣಕ್ಕೆ ಅನುಮತಿ ಬೇಕು. 2023ರ ದೂರಸಂಪರ್ಕ ಕಾಯ್ದೆ ಬಂದಮೇಲೂ ಇಲಾಖೆಗಳ ಮಾತನ್ನು ಕದ್ದು ಕೇಳುವುದು ಸಾಮಾನ್ಯನ ಹಕ್ಕಾಗಿಲ್ಲ. ಹುಲಿ ಎಲ್ಲಿದೆ, ಗಸ್ತು ಯಾವ ಕಡೆ ಹೊರಟಿದೆ ಎಂಬ ಮಾತು ಬೇಟೆಗಾರನ ಕಿವಿಗೆ ಬೀಳಬಾರದು ಎನ್ನುವುದಕ್ಕೆ ಬಂಡೀಪುರದಲ್ಲಿ ಬೇರೆ ಸಮರ್ಥನೆ ಬೇಕಿಲ್ಲ. ಹಾಗಾಗಿ ಇಲ್ಲಿ ಚರ್ಚೆ ಆಕಾಶವಾಣಿಯ ಕೇಳುಗ, ಇಲಾಖೆಯ ಸಿಬ್ಬಂದಿ, ಲೈಸೆನ್ಸ್ ಇರುವ ಹ್ಯಾಮ್ ಈ ಮೂವರದು ಮಾತ್ರ.

ಚಿಕ್ಕ ಸೆಟ್ಟು ಗಾಡಿಯಲ್ಲಿ ಸೋಲುವುದೇಕೆ? ಅದರ ಸ್ಪೀಕರ್ ಮೂರು ನಾಲ್ಕು ಸೆಂಟಿಮೀಟರ್ ಅಗಲದ್ದು. ಅದಕ್ಕೆ ಸಿಗುವ ಪವರ್ ಅರ್ಧ ವಾಟಿನಿಂದ ಒಂದು ವಾಟ್. ಅಂಗಳದಲ್ಲಿ ಕುಳಿತು ಕೇಳಲು ಅಷ್ಟು ಸಾಕು. ಡೀಸೆಲ್ ಎಂಜಿನ್ನು, ಟೈರು, ಕಿಟಕಿಯ ಗಾಳಿ ಮೂರೂ ಸೇರಿದ ಗದ್ದಲದ ಎದುರು ಅದು ನಿಲ್ಲುವುದಿಲ್ಲ. ಆಗ ಎಲ್ಲರೂ ಮೊದಲು ಮಾಡುವುದು ವಾಲ್ಯೂಮ್ ಪೂರ್ತಿ ತಿರುಗಿಸುವುದು. ಅಲ್ಲಿಗೆ ಒಳಗಿನ ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿ ಧ್ವನಿಯ ಅಲೆಗಳ ನೆತ್ತಿ ಕತ್ತರಿಸುತ್ತದೆ. ಸದ್ದು ಒರಟಾಗುತ್ತದೆ, ‘ಸ’ ‘ಶ’ ‘ತ’ಗಳಂಥ ವ್ಯಂಜನಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಮನುಷ್ಯನ ಮಾತಿನ ಅರ್ಥ ಬಹುಮಟ್ಟಿಗೆ ಇರುವುದು ವ್ಯಂಜನಗಳಲ್ಲೇ. ಕೂಗು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಇದು ಸೋತ ಉಪಾಯ.

ಎರಡನೆಯ ಉಪಾಯ ‘ಪವರ್ ಜಾಸ್ತಿ ಇರುವ ಸೆಟ್ಟು ತಗೋ’ ಎನ್ನುವ ಸಲಹೆ. ಇದರಲ್ಲಿ ಲೆಕ್ಕದ ತಪ್ಪಿದೆ. ಅರ್ಧ ವಾಟನ್ನು ಒಂದು ವಾಟ್ ಮಾಡಿದರೆ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಅದು ‘ಏನೋ ಸ್ವಲ್ಪ ಹೆಚ್ಚಾಯಿತು’ ಎನ್ನುವಷ್ಟೇ. ಸದ್ದು ಎರಡು ಪಟ್ಟಾಯಿತು ಎಂದು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಪವರ್ ಬೇಕು. ಅದೇ ಹೊತ್ತಿಗೆ, ಗೇರಿನ ಪಕ್ಕ ಬಿದ್ದಿರುವ ಸ್ಪೀಕರನ್ನು ಕಿವಿಯ ಹತ್ತಿರಕ್ಕೆ, ಅಂದರೆ ಇದ್ದ ದೂರದ ಅರ್ಧಕ್ಕೆ ತಂದರೆ ಬಯಲಿನ ಲೆಕ್ಕದಲ್ಲಿ ಆರು ಡೆಸಿಬೆಲ್ ಏರುತ್ತದೆ. ಗಾಡಿಯ ಒಳಗೆ ಗೋಡೆ ಗಾಜುಗಳಿಂದ ಸದ್ದು ಮರಳಿ ಬರುವುದರಿಂದ ಲಾಭ ತುಸು ಕಡಿಮೆ. ಆದರೂ ನಾಲ್ಕು ಪಟ್ಟು ಪವರಿನ ಕೆಲಸದ ಬಹುಭಾಗ ಬಿಡಿಗಾಸಿಲ್ಲದೆ ಆಗುತ್ತದೆ. ಸ್ಪೀಕರಿನ ಮುಖ ಎತ್ತ ಇದೆ ಎಂಬುದೂ ಮುಖ್ಯ. ಎಷ್ಟೋ ಕೈಸೆಟ್ಟುಗಳನ್ನು ಸ್ಪೀಕರ್ ಸೀಟಿನ ಬಟ್ಟೆಗೆ ಒತ್ತಿಕೊಳ್ಳುವಂತೆ ಮಲಗಿಸಿರುತ್ತಾರೆ. ಮಾತನ್ನು ಸ್ಪಷ್ಟಗೊಳಿಸುವ ಮೇಲಿನ ಸ್ಥಾಯಿಯನ್ನೆಲ್ಲ ಸೀಟಿನ ಸ್ಪಂಜು ನುಂಗುತ್ತದೆ.

ಮೂರನೆಯದು ಹೊರಗಿನ ಸ್ಪೀಕರ್. ನಮ್ಮ ಆಟೋ ಎಲೆಕ್ಟ್ರಿಷಿಯನ್‌ಗಳು ಗುಜರಿಗೆ ಹೋದ ಕಾರಿನ ಸ್ಪೀಕರ್ ಬಿಚ್ಚಿ, ಮರದ ಪುಟ್ಟ ಡಬ್ಬಿಯಲ್ಲಿ ಕೂರಿಸಿ, ಸನ್‌ವೈಸರ್ ಹತ್ತಿರ ಕಟ್ಟಿಕೊಡುವುದನ್ನು ಮೆಚ್ಚಲೇಬೇಕು. ಅದೇ ಒಂದು ವಾಟ್ ದೊಡ್ಡ ಸ್ಪೀಕರಿಗೆ ಹೋದಾಗ ಹೆಚ್ಚು ಸದ್ದಾಗಿ ಹೊರಬರುತ್ತದೆ, ಧ್ವನಿಗೂ ಮೈ ಬರುತ್ತದೆ. ನನ್ನ ಮಟ್ಟಿಗೆ ಇದು ಎಲ್ಲ ಉಪಾಯಗಳಲ್ಲಿ ಶ್ರೇಷ್ಠವಾದದ್ದು. ಆದರೆ ಎರಡು ಎಚ್ಚರಿಕೆಗಳು ಬಾಯಿಂದ ಬಾಯಿಗೆ ದಾಟಿಲ್ಲ. ಒಂದು, ಇಂದಿನ ಅನೇಕ ಚಿಕ್ಕ ಸೆಟ್ಟುಗಳಲ್ಲಿ ಸ್ಪೀಕರಿಗೆ ಹೋಗುವ ಎರಡೂ ತಂತಿಗಳಲ್ಲಿ ಕರೆಂಟು ಇರುತ್ತದೆ, ಯಾವುದೂ ಅರ್ಥ್ ಅಲ್ಲ. ಹಳೆಯ ಅಭ್ಯಾಸದಂತೆ ಒಂದನ್ನು ಗಾಡಿಯ ಬಾಡಿಗೆ ತಾಗಿಸಿದರೆ ಒಳಗಿನ ಚಿಪ್ಪು ಸುಡಬಹುದು. ಎರಡು, ಒಂಟಿ ಚಾನಲ್ಲಿನ ಪಿನ್ನನ್ನು ಸ್ಟೀರಿಯೊ ತೂತಿಗೆ ಚುಚ್ಚಿದರೆ ಒಂದು ಬದಿ ಶಾರ್ಟ್ ಆಗುತ್ತದೆ. ಪಿನ್ನು ಒಳಗೆ ಹೋಯಿತು ಎಂದಮಾತ್ರಕ್ಕೆ ಜೋಡಿ ಸರಿಯಾಯಿತು ಎಂದಲ್ಲ.

ನಾಲ್ಕನೆಯದು, ಆಕ್ಸ್ ಕೇಬಲ್ಲಿನಿಂದ ಗಾಡಿಯ ಸ್ಟೀರಿಯೊಗೆ ಜೋಡಿಸುವುದು. ಸ್ಟೀರಿಯೊ ಸರಿಯಿದ್ದರೆ ಇದಕ್ಕಿಂತ ಅಚ್ಚುಕಟ್ಟಾದ ದಾರಿಯಿಲ್ಲ. ಸೆಟ್ಟಿನ ವಾಲ್ಯೂಮನ್ನು ಅರ್ಧದ ಕೆಳಗಿಟ್ಟು ಉಳಿದ ಭಾರವನ್ನು ಸ್ಟೀರಿಯೊ ಮೇಲೆ ಹಾಕಬೇಕು. ಎರಡನ್ನೂ ಪೂರ್ತಿ ಏರಿಸುವವರೇ ಹೆಚ್ಚು. ಅವರು ಒರಟು ಸದ್ದನ್ನೇ ಇನ್ನಷ್ಟು ದೊಡ್ಡದು ಮಾಡಿ ಕೇಳುತ್ತಾರೆ. ಇನ್ನು ಎಂಜಿನ್ನಿನ ವೇಗದ ಜತೆ ಏರಿಳಿಯುವ ‘ಕುಂಯ್’ ಎಂಬ ಸದ್ದು. ಸೆಟ್ಟು ಚಾರ್ಜರಿನಿಂದಲೂ ಕೇಬಲ್ಲಿನಿಂದಲೂ ಎರಡು ಕಡೆ ಅರ್ಥ್ ಪಡೆದಾಗ ಆಲ್ಟರ್ನೇಟರಿನ ಗದ್ದಲ ನುಸುಳುತ್ತದೆ. ಚಾರ್ಜರ್ ಕಿತ್ತು ಸೆಟ್ಟಿನ ಸ್ವಂತ ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತರೆ ಕಾರಣ ಅದೇ. ನಡುವೆ ಹಾಕುವ ಪುಟ್ಟ ಗ್ರೌಂಡ್ ಲೂಪ್ ಐಸೊಲೇಟರ್ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸಿಗುತ್ತದೆ.

ಲೈಟರ್ ಸಾಕೆಟ್ಟಿಗೆ ಚುಚ್ಚುವ ಎಫ್‌ಎಂ ಟ್ರಾನ್ಸ್‌ಮಿಟರ್ ನನಗೆ ಒಪ್ಪಿಗೆಯಾಗದ ವಸ್ತು. ಒಂದು ರೇಡಿಯೊ ಹಿಡಿದ ಮಾತನ್ನು ಮತ್ತೆ ರೇಡಿಯೊ ಮಾಡಿ ಇನ್ನೊಂದು ರೇಡಿಯೊದಲ್ಲಿ ಕೇಳುವುದರಲ್ಲಿ ಪ್ರತಿ ಹಂತದಲ್ಲೂ ಗುಣ ಸೋರುತ್ತದೆ. ಬ್ಲೂಟೂತ್ ಸ್ಪೀಕರ್ ಹಾಡಿಗೆ ಚೆನ್ನ. ವೈರ್‌ಲೆಸ್ ಮಾತಿಗೆ ಅದು ತಡವರಿಸುತ್ತದೆ, ಕೆಲವು ಮೌನದಲ್ಲಿ ನಿದ್ದೆಗೆ ಜಾರಿ ಮುಂದಿನ ಕರೆಯ ಮೊದಲ ಪದಗಳನ್ನೇ ತಿಂದುಬಿಡುತ್ತವೆ. ಕರೆಯ ಮೊದಲ ಪದದಲ್ಲೇ ಯಾರನ್ನು ಕರೆಯುತ್ತಿದ್ದಾರೆ ಎಂಬುದು ಇರುತ್ತದೆ. ಇಯರ್‌ಫೋನನ್ನಂತೂ ಚಾಲಕ ಮುಟ್ಟಲೇಬಾರದು. ಹಿಂದಿನ ಲಾರಿಯ ಹಾರ್ನು ಕೇಳದ ಡ್ರೈವರನಿಗೆ ರೇಡಿಯೊ ಎಷ್ಟು ಚೆನ್ನಾಗಿ ಕೇಳಿ ಏನು ಪ್ರಯೋಜನ?

ಈ ಎಲ್ಲ ಉಪಾಯಗಳ ಹಿಂದೆ ಒಂದು ದೊಡ್ಡ ಅಲಕ್ಷ್ಯ ಅಡಗಿದೆ. ಸೌಂಡು ಸಾಲದು ಎಂಬ ದೂರಿನ ಮೂಲ ಎಷ್ಟೋ ಸಲ ಸ್ಪೀಕರಿನಲ್ಲಿ ಇರುವುದಿಲ್ಲ, ಏರಿಯಲ್ಲಿನಲ್ಲಿ ಇರುತ್ತದೆ. ಗಾಡಿಯ ಉಕ್ಕಿನ ಬಾಡಿ ರೇಡಿಯೊ ಅಲೆಗಳನ್ನು ತಡೆಯುತ್ತದೆ, ಒಳಬರುವುದು ಕಿಟಕಿಗಳಿಂದಷ್ಟೇ. ಮೈಸೂರು ಆಕಾಶವಾಣಿಯ 100.6 ಮೆಗಾಹರ್ಟ್ಸ್ ಎಫ್‌ಎಂ ಹಂಗಳಕ್ಕೆ ಬರುವಷ್ಟರಲ್ಲೇ ದೂರ ಸವೆಸಿರುತ್ತದೆ. ಬೆಟ್ಟದ ಮರೆಗೆ ಹೋದಂತೆ ಅದು ಇನ್ನೂ ಸೊರಗುತ್ತದೆ, ಮಾತಿನ ಬದಲು ‘ಸುಯ್’ ಎಂಬ ಸದ್ದು ತುಂಬಿಕೊಳ್ಳುತ್ತದೆ. ಆಗ ವಾಲ್ಯೂಮ್ ಏರಿಸಿದರೆ ಏರುವುದು ಆ ‘ಸುಯ್’ ಸದ್ದೇ. ಮಾಡಬೇಕಾದದ್ದು ಏರಿಯಲ್ಲನ್ನು ಹೊರಗೆ ತರುವುದು. ಈ ಎಫ್‌ಎಂ ಅಲೆಗೆ ಸುಮಾರು 75 ಸೆಂಟಿಮೀಟರಿನ ಕಡ್ಡಿ ಸಾಕು. ಇಲಾಖೆಗಳು ಬಳಸುವ 150 ಮೆಗಾಹರ್ಟ್ಸ್ ಆಸುಪಾಸಿನ ವಾಕಿಗೆ ಅರ್ಧ ಮೀಟರ್. ಚಾವಣಿಯ ಮೇಲೆ ಅಯಸ್ಕಾಂತದ ಬುಡದಲ್ಲಿ ನಿಲ್ಲಿಸಿದರೆ ತಗಡಿನ ಚಾವಣಿಯೇ ಏರಿಯಲ್ಲಿನ ಅರ್ಧ ಭಾಗವಾಗಿ ದುಡಿಯುತ್ತದೆ. ಬೆಂಗಳೂರಿನ 612 ಕಿಲೋಹರ್ಟ್ಸ್ ಮಧ್ಯಮ ತರಂಗ ಕೇಳುವವರು ಸೆಟ್ಟನ್ನೇ ತಿರುಗಿಸಿ ನೋಡಬೇಕು. ಅದರ ಒಳಗಿನ ಫೆರೈಟ್ ಕಡ್ಡಿ ಒಂದು ದಿಕ್ಕಿನಲ್ಲಿ ಚೆನ್ನಾಗಿ ಹಿಡಿಯುತ್ತದೆ, ಇನ್ನೊಂದರಲ್ಲಿ ಕೈಬಿಡುತ್ತದೆ. ಅಗ್ಗದ ಯುಎಸ್‌ಬಿ ಚಾರ್ಜರನ್ನು ಆ ಹೊತ್ತಿಗೆ ಕಿತ್ತಿಡಬೇಕು. ಮಧ್ಯಮ ತರಂಗದ ಮೇಲೆ ಅದು ಸುರಿಯುವ ಗದ್ದಲ ಎಂಜಿನ್ನಿನದಕ್ಕಿಂತ ಕಡಿಮೆಯದಲ್ಲ.

ಇಲಾಖೆಯ ಜೀಪಿನ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರವಾದದ್ದು. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಕಾಡಿಗೆ ಬೆಂಕಿ ಬಿದ್ದಾಗ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಗಾಳಿ ತಿರುಗಿದಂತೆ ಬೆಂಕಿಯ ದಿಕ್ಕು ತಿರುಗುವ ಅಂಥ ಹೊತ್ತಿನಲ್ಲಿ ‘ಎಡಕ್ಕೆ’ ಎಂದದ್ದು ‘ಕೆಳಕ್ಕೆ’ ಎಂದು ಕೇಳಿಸಬಾರದು. ಇಂಥ ಕೆಲಸಕ್ಕೆ ಕೈವಾಕಿಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಕೂಗಿಸುವುದು ಸಾಲದು. ಗಾಡಿಯಲ್ಲೇ ಕೂರಿಸುವ ಸೆಟ್ಟುಗಳಿಗೆ ಸಾಮಾನ್ಯವಾಗಿ ಮೂರು ನಾಲ್ಕು ವಾಟಿನ ಧ್ವನಿ, ಹೊರಗೆ ಸರಿಯಾದ ಏರಿಯಲ್ಲು ಎರಡೂ ಇರುತ್ತವೆ. ಅದಿಲ್ಲದ ಗಾಡಿಯಲ್ಲಿ ಹೆಗಲಿಗೆ ಸಿಕ್ಕಿಸುವ ಸ್ಪೀಕರ್-ಮೈಕ್ ಬಲು ಒಳ್ಳೆಯ ಉಪಾಯ. ಪವರ್ ಹೆಚ್ಚಿಸದೆ ಅದು ಮಾತನ್ನು ಕಿವಿಯ ಪಕ್ಕಕ್ಕೆ ತರುತ್ತದೆ, ಜೀಪು ಇಳಿದು ನಡೆದಾಗಲೂ ಜತೆಯಲ್ಲೇ ಬರುತ್ತದೆ.

ಕಾಡಿನವರಿಗೆ ಸದ್ದು ಕಡಿಮೆ ಇರಬೇಕಾದ ಕಾರಣವೂ ಇದೆ. ಜಿಂಕೆಯ, ಮುಸುವದ ಎಚ್ಚರಿಕೆಯ ಕೂಗು ಕೇಳಿಯೇ ಅವರು ಹುಲಿ ಚಿರತೆಗಳ ಸುಳಿವು ಹಿಡಿಯುತ್ತಾರೆ. ಅಬ್ಬರಿಸುವ ಸ್ಪೀಕರ್ ಮೊದಲು ಮುಚ್ಚುವುದು ಆ ಕೂಗನ್ನು. ಆನೆಯ ಕಿವಿಯಂತೂ ನಮಗೆ ಕೇಳದ ತಗ್ಗಿನ ಸ್ವರಗಳನ್ನೂ ಹಿಡಿಯುತ್ತದೆ. ಕಾಡಂಚಿನ ಹೊಲಗಳಲ್ಲಿ ಹಂದಿ, ಆನೆಗಳನ್ನು ಓಡಿಸಲು ತಗಡು ಬಡಿಯುವ, ಪಟಾಕಿ ಸಿಡಿಸುವ ರೈತರಿಗೆ ಪ್ರಾಣಿಗಳ ಮೇಲೆ ಸದ್ದು ಏನು ಮಾಡುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಹೊಲದಲ್ಲಿ ಬೇಕೆಂದೇ ಹೊಡೆಯುವ ಆ ಏಟನ್ನು ಕಾಡಿನ ನಡುವಿನ ರಸ್ತೆಯಲ್ಲಿ ಗಾಡಿಗಳು ಸುಮ್ಮಸುಮ್ಮನೆ ಹೊಡೆಯುತ್ತ ಹೋಗುತ್ತವೆ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಈ ದಾರಿಯಲ್ಲಿ ವಾಹನ ಸಂಚಾರಕ್ಕೆ ನಿಷೇಧವಿದೆ. ರಾತ್ರಿಯ ಶಾಂತಿಗೆ ನಾವು ಅಷ್ಟು ಬೆಲೆ ಕೊಟ್ಟಿದ್ದೇವೆ ಎಂದಾದರೆ ಹಗಲಿನಲ್ಲಿ ಕಿಟಕಿ ಇಳಿಸಿ ಊರಿಗೆಲ್ಲ ಕೇಳುವಂತೆ ಆಂಪ್ಲಿ ಹಚ್ಚುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಈ ಸೀಮೆಗೆ ರೇಡಿಯೊ ಪರಕೀಯವಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ದೇಶಕ್ಕೆ ಬಂದದ್ದು ಅಲ್ಲಿಂದಲೇ. ಮನಶ್ಶಾಸ್ತ್ರದ ಆ ಮೇಷ್ಟ್ರು ಕಟ್ಟಿದ್ದು ಮಾತನ್ನು ದೂರದ ಕಿವಿಗೆ ಮುಟ್ಟಿಸುವ ಕೆಲಸ. ಈ ನೆಲದ ಕೇಳುಗರಿಗೆ ಅದರ ಮೇಲೆ ಇರುವ ಪ್ರೀತಿ ನಿಜವಾದದ್ದು. ಬೆಳಗಿನ ಕೃಷಿ ಕಾರ್ಯಕ್ರಮಕ್ಕೆ, ಪ್ರದೇಶ ಸಮಾಚಾರಕ್ಕೆ ಕಿವಿಗೊಡುವ ಚಾಲಕ ಹಣವಿಲ್ಲದೆ ಚಿಕ್ಕ ಸೆಟ್ಟು ಹಿಡಿದಿದ್ದಾನೆ ಎಂದು ಅವನನ್ನು ಕೀಳಾಗಿ ಕಾಣುವವರ ಪಕ್ಷ ನನ್ನದಲ್ಲ. ಅವನಿಗೆ ಒಳ್ಳೆಯ ಧ್ವನಿ ಸಿಗಬೇಕು. ಅದು ದುಡ್ಡಿನಿಂದ ಸಿಗುವುದಕ್ಕಿಂತ ಹೆಚ್ಚಾಗಿ ತಿಳಿವಳಿಕೆಯಿಂದ ಸಿಗುತ್ತದೆ.

ಆದ್ದರಿಂದ ನನ್ನ ತೀರ್ಮಾನ ಇದು. ನಮ್ಮ ಪದ್ಧತಿಯ ಕೈಕೆಲಸಕ್ಕೆ ಒಳ್ಳೆಯ ಅಂಕ ಸಲ್ಲುತ್ತದೆ, ಅದು ಹಿಡಿದಿರುವ ಕ್ರಮಕ್ಕೆ ಸಲ್ಲುವುದಿಲ್ಲ. ಅದು ಪವರಿನಿಂದ ಶುರುವಾಗಿ ಏರಿಯಲ್ಲನ್ನು ಮರೆಯುತ್ತದೆ. ಮೊದಲು ಏರಿಯಲ್ ಹೊರಗೆ ಬರಲಿ, ಆಮೇಲೆ ಸ್ಪೀಕರ್ ಕಿವಿಯ ಹತ್ತಿರ ಸರಿಯಲಿ, ಅಷ್ಟಾದ ಮೇಲೂ ಸಾಲದಿದ್ದರೆ ಮಾತ್ರ ಪವರ್ ಏರಲಿ. ಗಾಡಿಯೊಳಗೆ ಪ್ರತಿ ಪದ ಬಿಡಿಸಿ ಕೇಳಬೇಕು, ಗಾಜು ಏರಿಸಿದರೆ ಹೊರಗೆ ಒಂದು ಪದವೂ ಕೇಳಬಾರದು. ಹಂಗಳದ ರಸ್ತೆಯಲ್ಲಿ ಒಳ್ಳೆಯ ಸೌಂಡಿನ ಅಳತೆ ಇದೇ ಆಗಬೇಕು. ಈ ಅಳತೆಯನ್ನು ಗಿರಾಕಿಯೇ ಕೇಳತೊಡಗಿದರೆ ಮಾಡಿಕೊಡುವ ಕೈಗಳು ನಮ್ಮ ಊರುಗಳಲ್ಲೇ ಇವೆ.