ಕಂಪ್ಯೂಟರ್ ಆಟಗಳ ಪತ್ರಿಕೆ: ಮೌಲ್ಯವಿಚಾರ

ಆಟಗಳನ್ನು ಕುರಿತ ಪತ್ರಿಕೆಗೆ ವಿದ್ವತ್ಪರಿಷತ್ತಿನ ಪುಟಗಳಲ್ಲಿ ಸ್ಥಾನವೇನೆಂದು ಕೆಲವರು ಶಂಕಿಸಬಹುದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ಐದು ವಿಂಶತಿಗಳಲ್ಲಿ ಕಡೆಯದು ಕ್ರೀಡಾವಿಂಶತಿ. ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಗೂ ಆಟಗಳೇ ವಿಷಯ. ಆದುದರಿಂದ ಆಟವನ್ನು ಬರೆಹಕ್ಕೆ ತರುವ ಕಾರ್ಯವು ನಮ್ಮ ನಾಡಿಗೆ ಹೊಸದಲ್ಲ. ಆಟದ ಜಾತಿಯೂ, ತಿಂಗಳು ತಿಂಗಳು ಅಚ್ಚಾಗುವ ಅದರ ವಿಮರ್ಶೆಯೂ ಮಾತ್ರ ಹೊಸವು. ಅಂಥ ಪತ್ರಿಕೆಯೊಂದು ಬೆಲೆಯುಳ್ಳದ್ದೋ ಅಲ್ಲವೋ ಎಂಬುದನ್ನು ಯಾವ ಪ್ರಮಾಣದಿಂದ ನಿರ್ಣಯಿಸಬೇಕೆಂಬುದೇ ಪ್ರಕೃತ ವಿಚಾರ.

ಇದಕ್ಕೆ ಉದಾಹರಣೆಯಾಗಿ ಅಮೆರಿಕದ ‘ಕಂಪ್ಯೂಟರ್ ಗೇಮಿಂಗ್ ವರ್ಲ್ಡ್’ ಎಂಬ ಪತ್ರಿಕೆಯನ್ನು ತೆಗೆದುಕೊಳ್ಳುತ್ತೇನೆ. ಇದು 1981ರಲ್ಲಿ ರಸೆಲ್ ಸೈಪ್ ಎಂಬವರಿಂದ ಸ್ಥಾಪಿತವಾಗಿ, 2006ರವರೆಗೆ ಇದೇ ಹೆಸರಿನಿಂದ ನಡೆದು, ಹೆಸರು ಬದಲಾದ ಬಳಿಕ 2008ರಲ್ಲಿ ನಿಂತುಹೋಯಿತು. ಇಪ್ಪತ್ತೈದು ವರ್ಷ ಬಾಳಿದ ಪತ್ರಿಕೆಯಾದುದರಿಂದ ಇದರ ಗುಣದೋಷಗಳೆರಡೂ ಪರೀಕ್ಷೆಗೆ ದೊರೆಯುತ್ತವೆ.

ಇಲ್ಲಿ ಪೂರ್ವಪಕ್ಷವು ಎರಡು ಬಗೆಯದು. ಇಂಥ ಪತ್ರಿಕೆಯು ಮಾರುವವರ ಡಂಗುರವೇ ಹೊರತು ವಿಮರ್ಶೆಯಲ್ಲವೆಂಬುದು ಒಂದು. ಹೊಸ ಆಟ ಬಂದೊಡನೆ ಹಳೆಯ ಸಂಚಿಕೆ ರದ್ದಿಯಾಗುವುದೆಂಬುದು ಇನ್ನೊಂದು.

ಮೊದಲನೆಯದನ್ನು ವಿಚಾರಿಸೋಣ. ಆಪ್ತನಾರೆಂಬುದನ್ನು ವಾತ್ಸ್ಯಾಯನನು ನ್ಯಾಯಭಾಷ್ಯದಲ್ಲಿ ನಿರ್ಣಯಿಸಿದ್ದಾನೆ. ವಸ್ತುವನ್ನು ಸಾಕ್ಷಾತ್ತಾಗಿ ಅರಿತಿರಬೇಕು. ಕಂಡುದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯೂ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಮಾತು ಪ್ರಮಾಣವಾಗದು. ಆಟವನ್ನು ಅರ್ಧದಲ್ಲಿ ಬಿಟ್ಟು ಬರೆದವನಿಗೆ ಮೊದಲನೆಯದಿಲ್ಲ. ಆಟ ತಯಾರಿಸುವವರ ಜಾಹೀರಾತಿನ ಹಣಕ್ಕೆ ಅಂಜಿ ಬರೆದವನಿಗೆ ಎರಡನೆಯದಿಲ್ಲ. ಈ ಪತ್ರಿಕೆಯಲ್ಲಿ ‘ಸ್ಕಾರ್ಪಿಯಾ’ ಎಂಬ ಗುಪ್ತನಾಮದ ಲೇಖಕಿಯು ಸಾಹಸದ ಆಟಗಳನ್ನು ಬಹುಕಾಲ ವಿಮರ್ಶಿಸಿದಳು. ‘ಮೈಟ್ ಅಂಡ್ ಮ್ಯಾಜಿಕ್’ ಎಂಬ ಆಟದ ಎರಡನೆಯ ಭಾಗವನ್ನು ಆಕೆ ನಿಷ್ಠುರವಾಗಿ ಖಂಡಿಸಲು, ತಯಾರಕರು ಮೂರನೆಯ ಭಾಗದಲ್ಲಿ ಒಂದು ರಾಕ್ಷಸಿಗೆ ಆಕೆಯ ಹೆಸರನ್ನೇ ಇಟ್ಟರು! ಡಂಗುರದವನ ಮೇಲೆ ಯಾರೂ ಇಷ್ಟು ಮುನಿಯಲಾರರು. ವಿಮರ್ಶಕಿಯ ಆಪ್ತತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಲಿಂಗವು ಬೇಕಿಲ್ಲ.

ಆದರೆ ದೋಷವನ್ನೂ ಹೇಳಬೇಕು. 1994ಕ್ಕೆ ಮುಂಚೆ ಈ ಪತ್ರಿಕೆಯ ವಿಮರ್ಶೆಗಳಲ್ಲಿ ಅಂಕಗಣನೆಯಿರಲಿಲ್ಲ. ಅನಂತರ ಐದು ನಕ್ಷತ್ರಗಳ ಕ್ರಮವು ಬಂದಿತು. ನಕ್ಷತ್ರವನ್ನು ಎಣಿಸಿದವನು ಲೇಖನವನ್ನು ಓದುವ ಶ್ರಮವನ್ನು ಬಿಡುತ್ತಾನೆ. ಮೂರೂವರೆ ನಕ್ಷತ್ರವೆಂಬುದು ನಿರ್ಣಯವೇ ಹೊರತು ಹೇತುವಲ್ಲ. ಹೇತುವಿಲ್ಲದ ಪ್ರತಿಜ್ಞೆಯಿಂದ ಅನುಮಾನವು ಸಿದ್ಧಿಸದು. 2006ರಲ್ಲಿ ಪತ್ರಿಕೆಯು ತಾನೇ ಈ ಅಂಕಗಳನ್ನು ಕೆಲಕಾಲ ಕೈಬಿಟ್ಟಿತು. ತಪ್ಪನ್ನು ತಿದ್ದಿಕೊಳ್ಳಲು ಯತ್ನಿಸಿತೆಂದು ಇದನ್ನು ಶ್ಲಾಘಿಸಬೇಕು.

ಎರಡನೆಯ ಆಕ್ಷೇಪಕ್ಕೆ ಉತ್ತರವನ್ನು ನಮ್ಮ ಸೀಮೆಯ ಕಲ್ಲುಗಳೇ ಹೇಳುತ್ತವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆ ಊರ ಗುಡಿಯ ಜಗಲಿಯಲ್ಲಿ ಹುಲಿಕುರಿಯಾಟದ ಗೆರೆಗಳನ್ನು ಕೊರೆದಿರುವುದನ್ನು ನಾನು ನೋಡಿದ್ದೇನೆ. ಗೆರೆ ಉಳಿದಿದೆ; ಆಡುವ ಕ್ರಮ ಅಳಿಯುತ್ತಿದೆ. ಮೂರು ಹುಲಿ, ಹದಿನೈದು ಕುರಿ ಎಂಬುದು ಒಂದು ಪಾಠ. ಪಕ್ಕದ ಊರಿನ ಹಿರಿಯರನ್ನು ಕೇಳಿದರೆ ಲೆಕ್ಕವು ಬೇರೆ. ಎಲ್ಲ ಕುರಿಗಳನ್ನೂ ಇಟ್ಟು ಮುಗಿಸುವ ಮೊದಲು ಇಟ್ಟ ಕುರಿಯನ್ನು ನಡೆಸಬಹುದೆ ಎಂದು ಕೇಳಿದರೆ ವಾದವೇ ಹುಟ್ಟುತ್ತದೆ. ಆಡಿದವರು ಬರೆದಿಡಲಿಲ್ಲವಾದುದರಿಂದ ಈ ಪಾಠಾಂತರಗಳನ್ನು ಶೋಧಿಸಲು ಮಾತೃಕೆಯೇ ಇಲ್ಲದಂತಾಗಿದೆ.

ಕಂಪ್ಯೂಟರ್ ಆಟಕ್ಕಾದರೋ ಕಲ್ಲಿನ ಆಸರೆಯೂ ಇಲ್ಲ. ನಮ್ಮ ಹುಡುಗರು ಮೊಬೈಲಿನಲ್ಲಿ ಆಡುತ್ತಿದ್ದ ‘ಪಬ್ಜಿ’ಯನ್ನು ಕೇಂದ್ರಸರ್ಕಾರವು 2020ನೆಯ ಸೆಪ್ಟೆಂಬರ್ 2ರಂದು 118 ಆ್ಯಪ್‌ಗಳಲ್ಲಿ ಒಂದಾಗಿ ನಿಷೇಧಿಸಿತು, 2021ರ ಜುಲೈಯಲ್ಲಿ ಅದು ಬೇರೆ ಹೆಸರಿನಿಂದ ಮರಳಿ ಬಂದಿತು. ಇಂಥ ಆಟವು ದೂರದ ಯಂತ್ರದಲ್ಲಿ ನಿಂತಿರುವುದರಿಂದ, ಆ ಯಂತ್ರವನ್ನು ನಿಲ್ಲಿಸಿದ ದಿನ ಹಲಗೆ, ಕಾಯಿ, ನಿಯಮಗಳು ಏಕಕಾಲಕ್ಕೆ ಮಾಯವಾಗುತ್ತವೆ. ಆಗ ಉಳಿಯುವ ಸಾಕ್ಷಿಗಳಲ್ಲಿ ಆಡಿನೋಡಿದವನು ಬರೆದ ವಿಮರ್ಶೆಯೇ ಮುಖ್ಯವಾದುದು. ಹಳೆಯ ಸಂಚಿಕೆಯು ಕೊಳ್ಳುವವನಿಗೆ ರದ್ದಿಯಾಗಬಹುದು. ಚರಿತ್ರಕಾರನಿಗೆ ಅದು ಶಾಸನಸದೃಶ.

ಪತ್ರಿಕೆಗೆ ಇನ್ನೊಂದು ಭಾರವೂ ಉಂಟು. ನಿರ್ಜೀವ ವಸ್ತುಗಳಿಂದ ಪಣವೊಡ್ಡಿ ಆಡುವುದು ದ್ಯೂತವೆಂದೂ, ಪ್ರಾಣಿಗಳಿಂದ ಆಡುವುದು ಸಮಾಹ್ವಯವೆಂದೂ ಮನುವು ವಿಂಗಡಿಸಿ, ಎರಡನ್ನೂ ರಾಜನು ತಡೆಯಬೇಕೆಂದು ವಿಧಿಸಿದನು. 2025ರಲ್ಲಿ ನಮ್ಮ ಸಂಸತ್ತು ಹಣವನ್ನು ಪಣವಿಟ್ಟಾಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿ, ಸ್ಪರ್ಧಾರೂಪವಾದ ಇ-ಸ್ಪೋರ್ಟ್ಸನ್ನು ಪ್ರತ್ಯೇಕಿಸಿತು. ಆದರೆ ಈ ಎರಡರ ನಡುವೆ, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಯನ್ನು ಹಣಕ್ಕೆ ಮಾರುವಂಥ ಆಟಗಳುಂಟು. ಆಟದ ಯಾವ ಘಟ್ಟದಲ್ಲಿ ಬಾಲಕನ ಕೈ ತಂದೆಯ ಹಣಕ್ಕೆ ಹೋಗುವುದೆಂಬುದನ್ನು ಕಾನೂನು ತಿಳಿಸದು; ಕಡೆಯವರೆಗೆ ಆಡಿದ ವಿಮರ್ಶಕನು ತಿಳಿಸಬಲ್ಲನು. ಅದನ್ನು ತಿಳಿಸದ ಪತ್ರಿಕೆಯು ಎಷ್ಟೇ ಚೆಲುವಾಗಿ ಅಚ್ಚಾಗಿದ್ದರೂ ನಿಷ್ಪ್ರಯೋಜಕವೆಂದೇ ನನ್ನ ಮತ.

ಹೀಗೆ ಮೂರು ಪರೀಕ್ಷೆಗಳು ಫಲಿಸುತ್ತವೆ. ಬರೆದವನು ಪೂರ್ತಿಯಾಗಿ ಆಡಿ, ನಿರ್ಭಯವಾಗಿ ಬರೆದಿದ್ದಾನೆಯೆ? ಆಟವು ಅಳಿದರೂ ಅದರ ಲಕ್ಷಣವನ್ನು ಬರೆಹದಿಂದ ತಿಳಿಯಬಹುದೆ? ಹಣ ಸೆಳೆಯುವ ಬಗೆಯನ್ನು ಬಯಲುಮಾಡಿದ್ದಾನೆಯೆ? ‘ಕಂಪ್ಯೂಟರ್ ಗೇಮಿಂಗ್ ವರ್ಲ್ಡ್’ ಮೊದಲ ಎರಡರಲ್ಲಿ ಬಹುಮಟ್ಟಿಗೆ ಉತ್ತೀರ್ಣವಾಗಿದೆ. ಮೂರನೆಯ ಉಪದ್ರವವು ಪ್ರಬಲವಾದುದು ಅದರ ಆಯುಸ್ಸು ತೀರಿದ ಮೇಲೆ; ಆ ಭಾರವು ಇಂದಿನವರದು.

ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಇಲ್ಲಿಯ ಶಾಲೆಯ ಬಾಲಕನು ಆಡುವ ಆಟವನ್ನು ಅವನ ತಂದೆಯು ಅರಿಯನು. ಇಂಗ್ಲಿಷ್ ವಿಮರ್ಶೆಯನ್ನು ಓದಲೂ ಆರನು. ಆದುದರಿಂದ ಅವನು ಎಲ್ಲ ಆಟಗಳನ್ನೂ ಸಮನಾಗಿ ಶಪಿಸುತ್ತಾನೆ, ಇಲ್ಲವೆ ಎಲ್ಲವನ್ನೂ ಸಮನಾಗಿ ಬಿಟ್ಟುಬಿಡುತ್ತಾನೆ. ಈ ಮೂರು ಪರೀಕ್ಷೆಗಳಿಗೆ ನಿಲ್ಲುವ ಬರೆಹವು ತಿಳಿಗನ್ನಡದಲ್ಲಿ ತಿಂಗಳಿಗೆ ನಾಲ್ಕು ಪುಟವಾದರೂ ಬಂದರೆ ಆತನಿಗೆ ವಿವೇಚನೆಯ ಕಣ್ಣು ದೊರೆಯುವುದು. ಅದರ ಮೊದಲ ಸಂಚಿಕೆಯಲ್ಲಿ ಹುಲಿಕುರಿಯಾಟದ ಪಾಠಾಂತರಗಳನ್ನೂ ಸೇರಿಸಿದರೆ, ಅಜ್ಜನ ಆಟಕ್ಕೂ ಮೊಮ್ಮಗನ ಆಟಕ್ಕೂ ಒಂದೇ ನ್ಯಾಯವು ದೊರೆತಂತಾಗುವುದು. ಕ್ರೀಡೆಯನ್ನು ಬಲ್ಲ ತರುಣರೂ ಭಾಷೆಯನ್ನು ಬಲ್ಲ ಹಿರಿಯರೂ ಇದನ್ನು ಪರಾಮರ್ಶಿಸಬೇಕೆಂದು ಪ್ರಾರ್ಥಿಸುತ್ತೇನೆ.