ವಚನಕಾರರ ಬದುಕು, ಕಾದಂಬರಿಯ ಕಲ್ಪನೆ

ಬರೆದವರ ಬದುಕನ್ನೇ ವಸ್ತುವಾಗಿಸಿಕೊಂಡ ಕಾದಂಬರಿಗಳು ಕನ್ನಡಕ್ಕೆ ಹೊಸವಲ್ಲ. ಕಲ್ಯಾಣದ ಶರಣರನ್ನು ಕುರಿತು ಕಾದಂಬರಿ ಮಾಲೆಯನ್ನೇ ರಚಿಸಿದ ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಎಚ್. ತಿಪ್ಪೇರುದ್ರಸ್ವಾಮಿಯವರು ಅಲ್ಲಮನನ್ನು ‘ಪರಿಪೂರ್ಣದೆಡೆಗೆ’ಯಲ್ಲೂ ಅಕ್ಕಮಹಾದೇವಿಯನ್ನು ‘ಕದಳಿಯ ಕರ್ಪೂರ’ದಲ್ಲೂ ಚಿತ್ರಿಸಿದರು. ಇಟ್ಟಮಡುವಿನ ನಮ್ಮ ನಿವಾಸದಲ್ಲಿ ಗುರುವಿದ್ಯಾರ್ಥಿಗಳೊಡನೆ ಇಂಥ ಕೃತಿಗಳನ್ನು ಓದುವಾಗ ಒಂದು ಪ್ರಶ್ನೆ ಮರಳಿ ಮರಳಿ ಎದುರಾಗುತ್ತದೆ: ಉತ್ತರ ಕೊಡಲಾರದ ಮೃತರ ಪರವಾಗಿ ಮಾತನಾಡುವ ಅಧಿಕಾರ ನಮಗೆಲ್ಲಿಯದು?

ವಚನಗಳಲ್ಲಿ ಅನುಭಾವ ಹೇರಳ, ಜೀವನವೃತ್ತಾಂತ ವಿರಳ. ಆ ಮೌನವನ್ನು ತುಂಬಿದವರಲ್ಲಿ ಕಾದಂಬರಿಕಾರರು ಮೊದಲಿಗರಲ್ಲ. ಹರಿಹರನ ರಗಳೆಯಲ್ಲಿ ಅಕ್ಕ ನಿಬಂಧನೆ ವಿಧಿಸಿ ಕೌಶಿಕನನ್ನು ವರಿಸುತ್ತಾಳೆ. ಅವನು ಮಾತು ತಪ್ಪಿದಾಗ ಹೊರನಡೆಯುತ್ತಾಳೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಆ ಮದುವೆಯೇ ನಡೆಯುವುದಿಲ್ಲ. ಪರಂಪರೆ ಎರಡನ್ನೂ ಉಳಿಸಿಕೊಂಡಿತು. ಟೇಷಿಯನ್ ನಾಲ್ಕು ಶುಭಸಂದೇಶಗಳನ್ನು ಒಂದೇ ಕಥನವಾಗಿ ಹೆಣೆದರೂ ಧರ್ಮಸಭೆ ನಾಲ್ಕನ್ನೂ ಬೇರೆಬೇರೆಯಾಗಿಯೇ ಕಾಪಾಡಿಕೊಂಡದ್ದು ಇಲ್ಲಿ ಸ್ಮರಣೀಯ.

ಭಕ್ತಿಯಿಂದ ಬರೆದ ಕಾದಂಬರಿಗೂ ತನ್ನದೇ ಅಪಾಯವಿದೆ. ‘ಶೂನ್ಯಸಂಪಾದನೆ’ ಬಿಡಿ ವಚನಗಳನ್ನು ಸಂವಾದವಾಗಿ ಜೋಡಿಸಿತು. ಕಾದಂಬರಿಕಾರ ಇನ್ನೂ ಮುಂದೆ ಹೋಗಿ, ಪ್ರತಿ ವಚನಕ್ಕೂ ಒಂದು ಘಟನೆಯನ್ನು ಕಲ್ಪಿಸಬಲ್ಲ. ಆಗ ಎಲ್ಲ ಕಾಲಕ್ಕೂ ತೆರೆದಿದ್ದ ಮಾತು ಒಂದು ಸಂಜೆಯ ಉತ್ತರವಾಗಿ ಮುಚ್ಚಿಕೊಳ್ಳುತ್ತದೆ. ಈ ನಷ್ಟದ ವಿರುದ್ಧ ಯಾರೂ ಮೆರವಣಿಗೆ ಹೊರಡುವುದಿಲ್ಲ.

ಮೆರವಣಿಗೆ ಹೊರಡುವುದು ಬೇರೆ ಸಂದರ್ಭದಲ್ಲಿ. ಪಿ. ವಿ. ನಾರಾಯಣರ ‘ಧರ್ಮಕಾರಣ’ 1995ರಲ್ಲಿ ಪ್ರಕಟವಾಯಿತು. ಬಸವಣ್ಣನವರ ಅಕ್ಕ ನಾಗಮ್ಮ ಮತ್ತು ಚೆನ್ನಬಸವಣ್ಣನವರ ಜನನಕ್ಕೆ ಸಂಬಂಧಿಸಿದ ಭಾಗ ಅನೇಕರಿಗೆ ನೋವುಂಟುಮಾಡಿತು. 1997ರಲ್ಲಿ ರಾಜ್ಯ ಸರ್ಕಾರ ಕೃತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಭಕ್ತರ ನೋವು ನಿಜವಾದುದು. ಅದನ್ನು ಹಗುರವಾಗಿ ಕಾಣುವುದು ನಮಗೆ ಸಲ್ಲದು. ಆದರೆ ನಿಷೇಧ ವಿಮರ್ಶೆಯ ಬಾಗಿಲನ್ನೂ ಮುಚ್ಚುತ್ತದೆ: ಕಲ್ಪನೆ ಎಲ್ಲಿ ಎಡವಿತೆಂದು ಓದಿ ತೋರಿಸುವ ಅವಕಾಶವೇ ಉಳಿಯುವುದಿಲ್ಲ. ಕಜಾಂಟ್ಜಾಕಿಸ್‌ರ ಕ್ರಿಸ್ತ ಕುರಿತ ಕಾದಂಬರಿಯನ್ನು 1954ರಲ್ಲಿ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿದ ನಮ್ಮ ಧರ್ಮಸಭೆ 1966ರಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟಿತು.

ಅನ್ಯರ ಕಲ್ಪನೆಯನ್ನು ತೂಗುವ ಮುನ್ನ ನಮ್ಮದನ್ನು ತೂಗಿಕೊಳ್ಳೋಣ. 591ರ ಪ್ರಬೋಧನೆಯೊಂದರಲ್ಲಿ ಮಹಾ ಗ್ರೆಗೊರಿಯವರು ಮಗ್ದಲದ ಮರಿಯಳನ್ನೂ ಲೂಕನ ಶುಭಸಂದೇಶದ ಹೆಸರಿಲ್ಲದ ಪಾಪಿ ಸ್ತ್ರೀಯನ್ನೂ ಒಬ್ಬಳೇ ಎಂದು ಬಗೆದರು. ಪುನರುತ್ಥಾನದ ಮೊದಲ ಸಾಕ್ಷಿಯ ಹೆಸರಿಗೆ ಶುಭಸಂದೇಶ ಹೇಳದ ಕಳಂಕ ಶತಮಾನಗಳ ಕಾಲ ಅಂಟಿಕೊಂಡಿತು. ಆಕೆಯ ಸ್ಮರಣೆಯನ್ನು ಹಬ್ಬದ ಅಂತಸ್ತಿಗೆ ಏರಿಸಿದ್ದು 2016ರಲ್ಲಿ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಆಜ್ಞೆ ಮೃತರನ್ನೂ ರಕ್ಷಿಸುತ್ತದೆ ಎಂಬುದನ್ನು ನಾವು ಮರೆತೆವು.

ಕಾದಂಬರಿಕಾರ ‘ಕಾದಂಬರಿ’ ಎಂದು ಮುಖಪುಟದಲ್ಲೇ ಹೇಳಿಬಿಡುತ್ತಾನೆ. ಬೋಧಕ ತನ್ನ ಕಲ್ಪನೆಯನ್ನು ಪೀಠದ ಅಧಿಕಾರದಲ್ಲಿ ನುಡಿಯುತ್ತಾನೆ. ಪ್ರಾಮಾಣಿಕತೆಯ ಹೊರೆ ಯಾರ ಮೇಲೆ ಹೆಚ್ಚೆಂಬುದು ಸ್ಪಷ್ಟ. ಹಾಗೆಂದು ಕಲ್ಪನೆಯನ್ನು ತೊರೆಯಬೇಕಿಲ್ಲ; ಸಂತ ಇಗ್ನೇಷಿಯಸರು ಶುಭಸಂದೇಶದ ದೃಶ್ಯಗಳನ್ನು ಮನಸ್ಸಿನಲ್ಲಿ ಕಂಡು ಪ್ರಾರ್ಥಿಸಲು ಕಲಿಸಿದರು. ಅಲ್ಲಿ ಕಲ್ಪನೆ ಪ್ರಭುವಿನ ಬಳಿಗೆ ಕರೆದೊಯ್ಯುವ ದಾರಿ. ಒಳ್ಳೆಯ ಕಾದಂಬರಿಯೂ ನಮ್ಮನ್ನು ವಚನದ ಬಳಿಗೆ ಮರಳಿಸುತ್ತದೆ. ಮುಂದಿನ ಭಾನುವಾರ ಪೇತ್ರನ ಮನಸ್ಸಿನಲ್ಲಿ ಏನಿತ್ತೆಂದು ಹೇಳಹೊರಡುವ ಗುರುವಿದ್ಯಾರ್ಥಿ, ಶುಭಸಂದೇಶ ಇದನ್ನು ಹೇಳಿಲ್ಲ, ನಾವು ಊಹಿಸುತ್ತಿದ್ದೇವೆ ಎಂಬ ಒಂದು ಮಾತನ್ನು ಸೇರಿಸಲಿ. ಕೇಳುವವರ ಭಕ್ತಿ ಅದರಿಂದ ಕುಂದುವುದಿಲ್ಲ.