ಮಳೆನಾಡಿನಲ್ಲಿ ನರದ ಬಿಲ್ಲು

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದೊಡನೆ ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲನ್ನೂ ಅದರ ಎಲೆಯ ತೊಟ್ಟಿನಿಂದ ಬಾಣವನ್ನೂ ಮಾಡಿ ಶಿಶುವಿನ ಕೈಗಿತ್ತು, ಅಂಗಳದಲ್ಲಿ ಕೋವಿ ಹಾರಿಸುತ್ತಿದ್ದ ಸಂಪ್ರದಾಯವನ್ನು ಪಾದ್ರಿ ರಿಕ್ಟರ್ ಅವರು 1870ರಲ್ಲಿ ಹೊರಬಂದ ತಮ್ಮ ಕೊಡಗಿನ ಕೈಪಿಡಿಯಲ್ಲಿ ದಾಖಲಿಸಿದ್ದಾರೆ. ಆ ಎಳೆಯ ಬಿಲ್ಲಿಗೂ ವೀರರ ಕೋದಂಡಕ್ಕೂ ಧರ್ಮವೊಂದೇ. ಹೆದೆಯನ್ನು ಸೆಳೆದಾಗ ಬಿಲ್ಲುಗಾರನ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ, ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ; ಮರವು ಹಿಗ್ಗಬಲ್ಲುದು ನೂರಕ್ಕೆ ಒಂದು ಪಾಲಿನಷ್ಟು ಮಾತ್ರವಾದುದರಿಂದ, ಅತಿಯಾಗಿ ಸೆಳೆದ ಬಿಲ್ಲು ಬಹುಮಟ್ಟಿಗೆ ಬೆನ್ನಿನಲ್ಲಿಯೇ ಬಿರಿಯುತ್ತದೆ.

ಈ ಬೆನ್ನನ್ನು ಕಾಯಲೆಂದು ಪ್ರಾಚೀನರು ಕಂಡುಕೊಂಡ ಉಪಾಯವೇ ನರದ ಲೇಪ. ನರವೆಂದರೆ ಇಲ್ಲಿ ಮಾಂಸವನ್ನು ಎಲುಬಿಗೆ ಬಿಗಿಯುವ ಬೆಳ್ಳನೆಯ ಹುರಿ. ಪ್ರಾಣಿಯ ಹಿಂಗಾಲಿನಿಂದ ಅದನ್ನು ತೆಗೆದು, ಒಣಗಿಸಿ, ಕೊಡತಿಯಿಂದ ಮೆಲ್ಲನೆ ಜಜ್ಜಿ, ಕೂದಲೆಳೆಯಷ್ಟು ಸಣ್ಣಗೆ ಸೀಳಿ, ಬಿಸಿಯಾದ ಚರ್ಮದ ಅಂಟಿನಲ್ಲಿ ನೆನೆಸಿ, ಒಂದು ಕೊಪ್ಪಿನಿಂದ ಇನ್ನೊಂದು ಕೊಪ್ಪಿನವರೆಗೆ ಎಳೆಯ ತುದಿಯನ್ನು ಎಳೆಯ ನಡುವು ಮುಚ್ಚುವಂತೆ ಹಾಸಬೇಕು. ಮರಕ್ಕಿಂತ ಹಲವು ಪಾಲು ಹಿಗ್ಗಿಯೂ ನರ ಹರಿಯುವುದಿಲ್ಲ. ಒಣಗುತ್ತ ಒಣಗುತ್ತ ಅದು ಕುಗ್ಗಿ, ಹೆದೆಯಿಲ್ಲದ ಬಿಲ್ಲನ್ನು ಗುರಿಯ ಕಡೆಗೆ ಹಿಮ್ಮುಖವಾಗಿ ಬಾಗಿಸುವುದನ್ನು ದಿನದಿನವೂ ನೋಡುವ ಸುಖ ನನಗೆ ಬಾಣ ಬಿಡುವ ಸುಖಕ್ಕಿಂತ ಹಿರಿದು.

ಅಂಟೂ ನರವೂ ಬೇರೆ ಬೇರೆ ವಸ್ತುಗಳಲ್ಲ. ಚರ್ಮವನ್ನು ಕಟ್ಟಿರುವ ಕೊಲಾಜನ್ ಎಂಬ ದ್ರವ್ಯವೇ ನರವನ್ನೂ ಕಟ್ಟಿದೆ. ಅದನ್ನು ಬೇಯಿಸಿ ಕರಗಿಸಿದರೆ ಅಂಟು. ಆದಕಾರಣವೇ ಅವು ಒಂದರೊಳಗೊಂದು ಬೆರೆತು ಏಕಶರೀರವಾಗುತ್ತವೆ. ನಮ್ಮ ಬಡಗಿಗಳು ಮರವಜ್ರವೆಂದು ಕರೆದ ಈ ಅಂಟಿನ ಕುಲ ಬಹಳ ಹಳೆಯದು: ವರಾಹಮಿಹಿರನು ಬೃಹತ್ಸಂಹಿತೆಯ ವಜ್ರಲೇಪದ ಪ್ರಕರಣದಲ್ಲಿ ಕೊಂಬು, ಕತ್ತೆಯ ಕೂದಲು, ಎಮ್ಮೆಯ ಚರ್ಮಗಳನ್ನು ಬೇವು ಬೇಲಗಳ ರಸದೊಡನೆ ಕುದಿಸುವ ಒಂದು ಪಾಕವನ್ನೇ ಹೇಳುತ್ತಾನೆ. ಕೌಟಿಲ್ಯನು ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿನ ನಾಲ್ಕು ಜಾತಿಗಳನ್ನೆಣಿಸಿ, ನರವನ್ನು ಹೆದೆಯ ದ್ರವ್ಯಗಳಲ್ಲಿ ಸೇರಿಸಿದ್ದಾನೆ.

ಇಷ್ಟು ಗುಣಗಳಿದ್ದರೂ ಈ ಅಂಟಿಗೆ ಒಂದು ಶತ್ರುವುಂಟು, ಅದು ನೀರು. ನಾನು ಒಂದು ಬೇಸಿಗೆಯೆಲ್ಲ ಶ್ರಮಿಸಿ ಕಟ್ಟಿದ ಬಿಲ್ಲು ಮಡಿಕೇರಿಯ ಕಕ್ಕಡ ಮಾಸದ ಮಳೆಯಲ್ಲಿ, ಗೋಡೆಯ ಮೊಳೆಗೆ ತೂಗಿದಂತೆಯೇ, ಹನಿ ತಾಗದೆ ಬರಿಯ ಗಾಳಿಯ ತೇವವನ್ನೇ ಕುಡಿದು ಮೆತ್ತಗಾಯಿತು. ಬೆರಳಿಟ್ಟರೆ ಬೆನ್ನು ಅಂಟುತ್ತಿತ್ತು. ಒಲೆಯ ಮೇಲಣ ಅಟ್ಟದಲ್ಲಿ ಹೊಗೆಗಿಟ್ಟು ಒಣಗಿಸಿದರೂ ಅದರ ಮೊದಲಿನ ಬಿಗಿ ಮರಳಲಿಲ್ಲ.

ಕೊಂಬು, ಮರ, ನರಗಳ ಸಂಯುಕ್ತ ಬಿಲ್ಲು ಮಧ್ಯ ಏಷ್ಯದ ಒಣ ಬಯಲಿನ ಸವಾರರದು. ಬಹಮನಿಗಳ ಗೆಲವಿಗೆ ಕುದುರೆಗಳೂ ಬಿಲ್ಲುಗಾರರೂ ಕಾರಣವೆಂದರಿತ ವಿಜಯನಗರದ ಇಮ್ಮಡಿ ದೇವರಾಯನು ಮುಸಲ್ಮಾನ ಧನುರ್ಧರರನ್ನು ಕರೆಸಿಕೊಂಡು ತನ್ನ ಸೈನ್ಯಕ್ಕೆ ಆ ವಿದ್ಯೆಯನ್ನು ಕಲಿಸಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಹಂಪೆಯ ಕಾದ ಬಂಡೆಗಳ ನಡುವೆ ಅಂತಹ ಬಿಲ್ಲು ಬಾಳಿದರೆ ಆಶ್ಚರ್ಯವಿಲ್ಲ. ಆದರೆ ತೇವಕ್ಕೆ ಜಗ್ಗದ ಉಕ್ಕಿನ ಬಿಲ್ಲುಗಳನ್ನೂ ಭಾರತದ ಶಸ್ತ್ರಾಗಾರಗಳು ಮಾಡಿಸಿಟ್ಟುಕೊಂಡುವೆಂಬುದನ್ನು ಮರೆಯಬಾರದು.

ಆದುದರಿಂದ ನನ್ನ ತೀರ್ಪು ಬಿದಿರಿನ ಪರವಾಗಿದೆ. ಬಿದಿರಿನ ಹೊರಮೈಯೇ ಅದರ ನರ; ಪ್ರಕೃತಿಯೇ ಬೆನ್ನಿಗೆ ಹಾಸಿಕೊಟ್ಟ ಆ ನಾರನ್ನು ಹೆರೆಯದೆ ಉಳಿಸಿಕೊಂಡರೆ ಮಳೆನಾಡಿನ ಬಿಲ್ಲಿಗೆ ಬೇರೆ ಲೇಪ ಬೇಡ. ನರದ ಬಿಲ್ಲನ್ನೇ ಕಟ್ಟುವ ಹಟವುಳ್ಳವರು ಹುತ್ತರಿ ಕಳೆದು ಗಾಳಿ ಒಣಗಿದ ಮೇಲೆ ಕೆಲಸಕ್ಕೆ ಕೈಹಾಕಲಿ. ಅಂಟಿನ ಪಾತ್ರೆಯನ್ನು ನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿಯ ಸುಮಾರಿನಲ್ಲಿ ಕಾಯಿಸಲಿ, ಕುದಿದ ಅಂಟಿಗೆ ಸತ್ತ್ವವಿರದು. ಹೆದೆಯೇರಿಸುವ ಮುನ್ನ ಎರಡು ಮೂರು ತಿಂಗಳಾದರೂ ಕಾಯಲಿ, ಮುಂಗಾರಿಗೆ ಮೊದಲೇ ಹೆದೆಯಿಳಿಸಿ ಬಿಲ್ಲನ್ನು ಅಟ್ಟಕ್ಕೇರಿಸಲಿ.